ಕನ್ನಡಕ ಬಿಡಿಸುವ ಲೇಸರ್: ಸಹಿ ಹಾಕುವ ಮುಂಚೆ ತಿಳಿದಿರಲಿ



ಎರಡು ವರ್ಷದ ಹಿಂದಿನ ಮಾತು. ನಮ್ಮ ಒಂದು ಸ್ವಸಹಾಯ ಸಂಘದ ವಾರದ ಸಭೆಗೆ ಹೋಗಿದ್ದೆ. ಉಳಿತಾಯ ಕಟ್ಟಿ, ಸಾಲದ ಕಂತು ಬರೆದು ಮುಗಿಯುವ ಹೊತ್ತು. ಒಬ್ಬ ಸದಸ್ಯೆ ಮೂಲೆಯಲ್ಲಿ ಕೂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. "ಏನಾಯ್ತಮ್ಮ?" ಅಂದೆ. "ನನ್ನ ಮಗಳ ಕಣ್ಣು ಹೋಗ್ತಾ ಇದೆ ಸಿಸ್ಟರ್. ಸಂಘದಿಂದ ಸಾಲ ತೆಗೆದು ನಾನೇ ಕೈಯಾರೆ ಹಾಳು ಮಾಡ್ದೆ" ಅಂದರು.

ಮಗಳಿಗೆ ಆಗ 23 ವರ್ಷ. ಎಂಟನೇ ಕ್ಲಾಸಿನಿಂದ ಕನ್ನಡಕ. ಪಟ್ಟಣದ ಕಚೇರಿಯೊಂದರಲ್ಲಿ ಕಂಪ್ಯೂಟರ್ ಕೆಲಸ. ಒಂದು ಸಂಬಂಧ ಬಂದಿತ್ತು. ನೋಡಿ ಹೋದವರು "ಹುಡುಗಿ ಚೆನ್ನಾಗಿದ್ದಾಳೆ, ಆ ಕನ್ನಡಕ ಒಂದಿಲ್ಲದಿದ್ರೆ" ಅಂದರಂತೆ. ತಾಯಿ ಸಂಘದಲ್ಲಿ 60,000 ರೂಪಾಯಿ ಸಾಲ ಕೇಳಿದರು, ಸಂಘ ಕೊಟ್ಟಿತು. ಎರಡೂ ಕಣ್ಣಿಗೆ ಲೇಸರ್ ಆಯಿತು. ಮೊದಲ ಎರಡು ದಿನ ಮನೆಯವರಿಗೆಲ್ಲ ಖುಷಿಯೋ ಖುಷಿ. ಆಮೇಲೆ ಹುಡುಗಿಗೆ ಕಣ್ಣು ಉರಿಯತೊಡಗಿತು. ಮರಳು ಬಿದ್ದ ಹಾಗೆ ಚುಚ್ಚುತ್ತಿತ್ತು. ಸಂಜೆ ಹೊತ್ತಿಗೆ ಕಂಪ್ಯೂಟರ್ ಪರದೆ ಮಂಜು ಮಂಜು. ರಾತ್ರಿ ಬಸ್ಸಿನ ದೀಪದ ಸುತ್ತ ದೊಡ್ಡ ಬಳೆ ಕಟ್ಟಿದ ಹಾಗೆ ಕಾಣುತ್ತಿತ್ತು. ಸಾಲ ಮಾಡಿ ಮಾಡಿಸಿದ್ದಾರಲ್ಲ ಅಂತ ಒಂದು ತಿಂಗಳು ಯಾರಿಗೂ ಹೇಳದೆ ರಾತ್ರಿ ಅಳುತ್ತಿದ್ದಳು.

ಮಾರನೇ ದಿನವೇ ಅವಳನ್ನು ವೈದ್ಯರ ಬಳಿ ಕರೆದುಕೊಂಡು ಹೋದೆ. ಅವರು ಪರೀಕ್ಷೆ ಮಾಡಿ, "ಕಣ್ಣಿಗೆ ಏನೂ ಆಗಿಲ್ಲ. ಇದು ಕಣ್ಣು ಒಣಗುವುದು. ಲೇಸರ್ ಆದ ಮೇಲೆ ಬಹಳ ಜನಕ್ಕೆ ಬರುತ್ತೆ, ಕೆಲವು ತಿಂಗಳಲ್ಲಿ ಕಡಿಮೆಯಾಗುತ್ತೆ" ಅಂದರು. ಹುಡುಗಿ ಕೇಳಿದ್ದು ಒಂದೇ ಮಾತು: "ಇದನ್ನ ಮೊದ್ಲೇ ಯಾಕೆ ಯಾರೂ ಹೇಳ್ಲಿಲ್ಲ?" ಅವಳ ಫೈಲು ತೆಗೆದು ನೋಡಿದೆ. ಹೇಳಿದ್ದರು, ಇಂಗ್ಲಿಷಿನಲ್ಲಿ, ನಾಲ್ಕು ಪುಟ ಸಣ್ಣ ಅಕ್ಷರದಲ್ಲಿ. ಕೊನೆಯ ಪುಟದಲ್ಲಿ ತಾಯಿ-ಮಗಳ ಸಹಿ ಇತ್ತು. ಆಪರೇಷನ್ ಕೋಣೆಗೆ ಹೋಗುವ ಐದು ನಿಮಿಷ ಮುಂಚೆ ಹಾಕಿಸಿಕೊಂಡದ್ದು.

ಆ ನಾಲ್ಕು ಪುಟದಲ್ಲಿ ಏನಿರುತ್ತದೆ ಎಂಬುದನ್ನು ನಮ್ಮ ಭಾಷೆಯಲ್ಲಿ ತಿಳಿಸುವುದೇ ಈ ಲೇಖನದ ಉದ್ದೇಶ. ಲೇಸರ್ ಮಾಡಿಸಬೇಡಿ ಎಂದು ನಾನು ಹೇಳುತ್ತಿಲ್ಲ, ಮಾಡಿಸಿ ಎಂದೂ ಹೇಳುತ್ತಿಲ್ಲ. ತಿಳಿದು ನಿರ್ಧಾರ ಮಾಡಿ ಎನ್ನುತ್ತಿದ್ದೇನೆ, ಅಷ್ಟೆ.

ಎಲ್ಲ ಲೇಸರ್ ಒಂದೇ ಅಲ್ಲ

ನಾವು ಹಳ್ಳಿಯಲ್ಲಿ ಕಣ್ಣಿಗೆ ಮಾಡುವುದಕ್ಕೆಲ್ಲ "ಲೇಸರ್" ಅಂದುಬಿಡುತ್ತೇವೆ. ಮುಖ್ಯವಾಗಿ ಮೂರು ಬಗೆ ಇವೆ. ಮೊದಲು ಇದನ್ನು ಬಿಡಿಸಿಕೊಳ್ಳೋಣ.

ಒಂದು, ಸಕ್ಕರೆ ಕಾಯಿಲೆಯವರಿಗೆ ಮಾಡುವ ಲೇಸರ್. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಹಿಂಭಾಗದ ರೆಟಿನಾ ಎಂಬ ಪದರದಲ್ಲಿ ರಕ್ತನಾಳಗಳು ಕೆಟ್ಟಾಗ ಇದನ್ನು ಮಾಡುತ್ತಾರೆ. ಇದು ಇರುವ ದೃಷ್ಟಿಯನ್ನು ಉಳಿಸಿಕೊಳ್ಳಲು ಮಾಡುವುದು. ಇದರಿಂದ ರಾತ್ರಿ ದೃಷ್ಟಿ, ಪಕ್ಕದ ದೃಷ್ಟಿ ಸ್ವಲ್ಪ ಕಡಿಮೆಯಾಗಬಹುದು. ಆದರೆ ವೈದ್ಯರು ಬೇಕು ಎಂದಾಗ ಮಾಡಿಸದೆ ಇದ್ದರೆ ಕಣ್ಣೇ ಹೋಗಬಹುದು. ಆದ್ದರಿಂದ ಈ ಲೇಖನ ಓದಿ ಹೆದರಿ ಯಾರೂ ಸಕ್ಕರೆ ಕಾಯಿಲೆಯ ಲೇಸರ್ ಮುಂದೂಡಬೇಡಿ.

ಎರಡು, ಪೊರೆ ಆಪರೇಷನ್ ಆಗಿ ಕೆಲವು ತಿಂಗಳೋ ವರ್ಷವೋ ಕಳೆದ ಮೇಲೆ ಒಳಗಿಟ್ಟ ಲೆನ್ಸಿನ ಹಿಂದೆ ಮತ್ತೆ ಮಂಜು ಕಟ್ಟಿದರೆ ಅದನ್ನು ತೆರೆಯಲು ಮಾಡುವ ಲೇಸರ್. ಕೆಲವೇ ನಿಮಿಷದ ಕೆಲಸ. ಇದಾದ ಮೇಲೆ ಕಣ್ಣಿನ ಒತ್ತಡ ಸ್ವಲ್ಪ ಕಾಲ ಏರಬಹುದು, ಕಣ್ಣ ಮುಂದೆ ಕಪ್ಪು ಚುಕ್ಕೆ ತೇಲಬಹುದು.

ಮೂರು, ಕನ್ನಡಕದ ನಂಬರ್ ತೆಗೆಯಲು ಮಾಡುವ ಲೇಸರ್. ಇದಕ್ಕೆ ಲಾಸಿಕ್ ಎನ್ನುತ್ತಾರೆ. ನಾವಿಲ್ಲಿ ಮಾತಾಡುವುದು ಇದರ ಬಗ್ಗೆ.

ಒಂದು ವ್ಯತ್ಯಾಸ ನೆನಪಿಡಿ. ಮೊದಲಿನ ಎರಡನ್ನು ಕೆಟ್ಟ ಕಣ್ಣಿಗೆ ಮಾಡುತ್ತಾರೆ. ಮೂರನೆಯದನ್ನು ಆರೋಗ್ಯವಾಗಿರುವ ಕಣ್ಣಿಗೆ ಮಾಡುತ್ತಾರೆ. ಕನ್ನಡಕ ಹಾಕಿದರೆ ಆ ಕಣ್ಣು ಚೆನ್ನಾಗಿಯೇ ಕಾಣುತ್ತಿರುತ್ತದೆ. ಹಾಗಾಗಿ ಇಲ್ಲಿ ಅವಸರ ಎಂಬುದೇ ಇಲ್ಲ. ಈ ತಿಂಗಳು ಮಾಡಿಸದಿದ್ದರೆ ಏನೂ ಕೆಡುವುದಿಲ್ಲ.

ಇದನ್ನು ಹೇಗೆ ಮಾಡುತ್ತಾರೆ?

ನಮ್ಮ ಕಪ್ಪುಗುಡ್ಡೆಯ ಮೇಲೆ ಗಡಿಯಾರದ ಗಾಜಿನ ಹಾಗೆ ಒಂದು ಪಾರದರ್ಶಕ ಪದರವಿದೆ. ಅದೇ ಕಾರ್ನಿಯಾ. ನೇತ್ರದಾನ ಮಾಡಿದವರಿಂದ ತೆಗೆದು ಇನ್ನೊಬ್ಬರಿಗೆ ಹಾಕುವುದು ಈ ಪದರವನ್ನೇ. ಇದರ ದಪ್ಪ ಮಧ್ಯದಲ್ಲಿ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಇದರ ಉಬ್ಬು ಮತ್ತು ಕಣ್ಣಿನ ಉದ್ದ ಒಂದಕ್ಕೊಂದು ಹೊಂದದೆ ಇದ್ದರೆ ಕನ್ನಡಕ ಬೇಕಾಗುತ್ತದೆ.

ಲಾಸಿಕ್‌ನಲ್ಲಿ ಹನಿ ಔಷಧಿ ಹಾಕಿ ಕಣ್ಣನ್ನು ಮರಗಟ್ಟಿಸುತ್ತಾರೆ. ಕಾರ್ನಿಯಾದ ಮೇಲಿನ ತೆಳು ಪದರವನ್ನು ಒಂದು ಅಂಚು ಬಿಟ್ಟು ಕತ್ತರಿಸಿ, ಪುಸ್ತಕದ ಪುಟ ತಿರುವಿದ ಹಾಗೆ ಪಕ್ಕಕ್ಕೆ ಸರಿಸುತ್ತಾರೆ. ಕೆಳಗಿನ ಭಾಗವನ್ನು ಲೇಸರ್ ಕಿರಣದಿಂದ ಅಳತೆ ಪ್ರಕಾರ ತೆಳ್ಳಗೆ ಮಾಡಿ, ಪದರವನ್ನು ಮತ್ತೆ ಮುಚ್ಚುತ್ತಾರೆ. ಹೊಲಿಗೆ ಇಲ್ಲ. ಕಿರಣ ಬೀಳುವುದು ಸಾಮಾನ್ಯವಾಗಿ ಒಂದು ನಿಮಿಷಕ್ಕಿಂತ ಕಡಿಮೆ. ಅದೇ ದಿನ ಮನೆಗೆ ಕಳಿಸುತ್ತಾರೆ.

ಈ ಲೇಸರಿನ ಹಿಂದೆ ನಮ್ಮ ದೇಶದವರೊಬ್ಬರು ಇದ್ದಾರೆ. ಭಾರತದಲ್ಲಿ ಹುಟ್ಟಿದ ವಿಜ್ಞಾನಿ ರಂಗಸ್ವಾಮಿ ಶ್ರೀನಿವಾಸನ್ ಅಮೆರಿಕದ ಐಬಿಎಂ ಸಂಸ್ಥೆಯಲ್ಲಿದ್ದಾಗ 1981ರಲ್ಲಿ, ಹಬ್ಬದ ಊಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡಿನ ಮೇಲೆ ಎಕ್ಸೈಮರ್ ಎಂಬ ಲೇಸರ್ ಹಾಯಿಸಿ ನೋಡಿದರು. ಅಕ್ಕಪಕ್ಕ ಸುಡದೆ, ಬೇಕಾದಷ್ಟನ್ನೇ ಅದು ಕೆತ್ತಿತು. ಅವರೂ ಜೊತೆಗಾರರಾದ ಜೇಮ್ಸ್ ವಿನ್ ಮತ್ತು ಸ್ಯಾಮುಯೆಲ್ ಬ್ಲಮ್ ಅವರೂ ಸೇರಿ ಮಾಡಿದ ಆ ಕೆಲಸವೇ ಮುಂದೆ ಕಣ್ಣಿನ ಚಿಕಿತ್ಸೆಗೆ ದಾರಿಯಾಯಿತು. 1995ರಲ್ಲಿ ಅಮೆರಿಕ ಸರ್ಕಾರದ ಔಷಧ ನಿಯಂತ್ರಣ ಇಲಾಖೆ ದೃಷ್ಟಿ ಸರಿಪಡಿಸಲು ಈ ಲೇಸರಿಗೆ ಅನುಮತಿ ಕೊಟ್ಟಿತು. ಅಂದರೆ ಇದು ನಿನ್ನೆ ಮೊನ್ನೆ ಬಂದ ಹೊಸ ಪ್ರಯೋಗವಲ್ಲ. ಲಕ್ಷಾಂತರ ಜನ ಮಾಡಿಸಿಕೊಂಡಿದ್ದಾರೆ, ಹೆಚ್ಚಿನವರು ಸಂತೋಷವಾಗಿಯೇ ಇದ್ದಾರೆ. ಆದರೂ ಇದು ಆಪರೇಷನ್ನೇ. ತೆಗೆದ ಭಾಗವನ್ನು ಮತ್ತೆ ಹಾಕಲು ಬರುವುದಿಲ್ಲ.

ಸಾಮಾನ್ಯವಾಗಿ ಬರುವ ಅಡ್ಡ ಪರಿಣಾಮಗಳು

1. ಕಣ್ಣು ಒಣಗುವುದು. ಇದೇ ಎಲ್ಲಕ್ಕಿಂತ ಹೆಚ್ಚು ಕಾಣುವಂಥದ್ದು. ಕಾರ್ನಿಯಾದಲ್ಲಿ ಕೂದಲಿಗಿಂತ ತೆಳುವಾದ ನರಗಳಿವೆ. ಕಣ್ಣು ಒಣಗಿದೆ, ನೀರು ಬೇಕು ಎಂದು ಸುದ್ದಿ ಕಳಿಸುವುದು ಅವೇ. ಪದರ ಕತ್ತರಿಸುವಾಗ ಈ ನರಗಳೂ ಕತ್ತರಿಸುತ್ತವೆ. ಅವು ಮತ್ತೆ ಬೆಳೆಯುವ ತನಕ ಕಣ್ಣೀರು ಸರಿಯಾಗಿ ಬರುವುದಿಲ್ಲ. ಉರಿ, ಚುಚ್ಚು, ಕೆಂಪು, ನಡು ನಡುವೆ ಮಂಜು. ಹೆಚ್ಚಿನವರಿಗೆ ಆರು ತಿಂಗಳಿಂದ ಒಂದು ವರ್ಷದೊಳಗೆ ಕಡಿಮೆಯಾಗುತ್ತದೆ. ಕೆಲವರಿಗೆ ಉಳಿದುಬಿಡುತ್ತದೆ. ಕಂಪ್ಯೂಟರ್, ಮೊಬೈಲ್, ಹೊಲಿಗೆ ಮೆಷಿನ್ ಮುಂದೆ ಕೂರುವವರು ಕಣ್ಣು ಮಿಟುಕಿಸುವುದೇ ಕಡಿಮೆ. ಅಂಥವರಿಗೆ ತೊಂದರೆ ಜಾಸ್ತಿ ಕಾಣುತ್ತದೆ.

2. ರಾತ್ರಿ ದೀಪದ ಸುತ್ತ ಬಳೆ, ಕುಕ್ಕುವ ಬೆಳಕು. ಕತ್ತಲಲ್ಲಿ ನಮ್ಮ ಕಣ್ಣಿನ ಪಾಪೆ ದೊಡ್ಡದಾಗುತ್ತದೆ. ಆಗ ಲೇಸರ್ ಮಾಡಿದ ಜಾಗದ ಅಂಚಿನಿಂದಲೂ ಬೆಳಕು ಒಳಗೆ ಬಂದು ಚೆದುರುತ್ತದೆ. ಎದುರು ಬರುವ ಲಾರಿಯ ದೀಪ ನಕ್ಷತ್ರದ ಹಾಗೆ ಕಡ್ಡಿ ಕಡ್ಡಿಯಾಗಿ ಕಾಣಬಹುದು. ರಾತ್ರಿ ಸ್ಕೂಟರ್, ಆಟೋ ಓಡಿಸುವವರು ಇದನ್ನು ಮೊದಲೇ ಯೋಚಿಸಬೇಕು.

3. ಮಬ್ಬು ಬೆಳಕಿನಲ್ಲಿ ಸ್ಪಷ್ಟತೆ ಕಡಿಮೆ. ಹಗಲು ಆಸ್ಪತ್ರೆಯ ಬೋರ್ಡಿನ ಅಕ್ಷರ ಕೊನೆಯ ಸಾಲಿನ ತನಕ ಓದುತ್ತಾರೆ. ಆದರೆ ಮುಸ್ಸಂಜೆಯಲ್ಲಿ, ಮಂಜಿನಲ್ಲಿ ಮೆಟ್ಟಿಲಿನ ಅಂಚು ಸರಿಯಾಗಿ ಕಾಣುವುದಿಲ್ಲ ಎನ್ನುತ್ತಾರೆ.

4. ನಂಬರ್ ಪೂರ್ತಿ ಹೋಗದೆ ಇರುವುದು, ಹೆಚ್ಚಾಗಿ ಹೋಗುವುದು, ಅಥವಾ ಕೆಲವು ವರ್ಷದ ಮೇಲೆ ಸ್ವಲ್ಪ ವಾಪಸ್ ಬರುವುದು. ಅಂಥವರಿಗೆ ಸಣ್ಣ ನಂಬರಿನ ಕನ್ನಡಕ ಬೇಕಾಗಬಹುದು. ಕೆಲವರಿಗೆ ಎರಡನೇ ಸಲ ಲೇಸರ್ ಮಾಡುತ್ತಾರೆ. ಕಾರ್ನಿಯಾ ಸಾಕಷ್ಟು ದಪ್ಪ ಉಳಿದಿಲ್ಲದಿದ್ದರೆ ಅದೂ ಆಗುವುದಿಲ್ಲ.

5. ಬಿಳಿಗುಡ್ಡೆಯ ಮೇಲೆ ರಕ್ತದ ಕೆಂಪು ಕಲೆ. ನೋಡಲು ಭಯವಾಗುತ್ತದೆ. ಆದರೆ ಎರಡು ಮೂರು ವಾರದಲ್ಲಿ ತಾನಾಗಿ ಕರಗುತ್ತದೆ.

ಇದು ಎಷ್ಟು ಜನಕ್ಕೆ ಬರುತ್ತದೆ? ಅಮೆರಿಕದ ಔಷಧ ನಿಯಂತ್ರಣ ಇಲಾಖೆ, ಅಲ್ಲಿನ ರಾಷ್ಟ್ರೀಯ ನೇತ್ರ ಸಂಸ್ಥೆ ಮತ್ತು ರಕ್ಷಣಾ ಇಲಾಖೆ ಸೇರಿ ಲಾಸಿಕ್ ಮಾಡಿಸಿಕೊಂಡವರನ್ನೇ ಕೇಳಿ ಒಂದು ಅಧ್ಯಯನ ಮಾಡಿದವು. ಅದು 2017ರಲ್ಲಿ ಪ್ರಕಟವಾಯಿತು. ಮೊದಲು ಬಳೆ, ಕುಕ್ಕುವ ಬೆಳಕು ಇಂಥ ಯಾವ ತೊಂದರೆಯೂ ಇಲ್ಲದಿದ್ದವರಲ್ಲಿ 100ಕ್ಕೆ 46ರಷ್ಟು ಜನ, ಮೂರು ತಿಂಗಳ ನಂತರ ಒಂದಾದರೂ ಹೊಸ ತೊಂದರೆ ಕಾಣಿಸಿದೆ ಎಂದರು. ಮೊದಲು ಕಣ್ಣು ಒಣಗದೆ ಇದ್ದವರಲ್ಲಿ 100ಕ್ಕೆ 28ರಷ್ಟು ಜನ ಒಣಗುತ್ತಿದೆ ಎಂದರು. ಆದರೆ ಕಾಣುವಿಕೆಯ ಈ ತೊಂದರೆಯಿಂದ ದಿನದ ಕೆಲಸವೇ ಬಹಳ ಕಷ್ಟವಾಯಿತು ಎಂದವರು 100ಕ್ಕೆ ಒಬ್ಬರಿಗಿಂತಲೂ ಕಡಿಮೆ.

ಎರಡು ಲೆಕ್ಕವನ್ನೂ ಒಟ್ಟಿಗೆ ಇಟ್ಟುಕೊಳ್ಳಿ. ತೊಂದರೆ ಬರುವುದು ಅಪರೂಪವಲ್ಲ. ಬಂದ ತೊಂದರೆ ಬದುಕನ್ನೇ ಕೆಡಿಸುವುದು ಅಪರೂಪ.

ಅಪರೂಪ, ಆದರೆ ಗಂಭೀರ

ಸೋಂಕು. ಕತ್ತರಿಸಿದ ಜಾಗಕ್ಕೆ ರೋಗಾಣು ಸೇರಿದರೆ ಕಾರ್ನಿಯಾದ ಮೇಲೆ ಬಿಳಿ ಕಲೆ ಉಳಿದು ದೃಷ್ಟಿ ಕುಂದಬಹುದು.

ಪದರ ಜರುಗುವುದು. ಮುಚ್ಚಿದ ಪದರ ಮೊದಲ ದಿನಗಳಲ್ಲಿ ಉಜ್ಜಿದರೆ, ಪೆಟ್ಟು ಬಿದ್ದರೆ ಸರಿದುಹೋಗಬಹುದು, ಸುಕ್ಕಾಗಬಹುದು. ಜೋರು ಪೆಟ್ಟಿಗೆ ವರ್ಷಗಳ ನಂತರವೂ ಜರುಗಿದ ಉದಾಹರಣೆಗಳಿವೆ.

ಕಾರ್ನಿಯಾ ಉಬ್ಬುವುದು. ಸೈಕಲ್ ಟ್ಯೂಬ್ ಒಂದು ಕಡೆ ತೆಳ್ಳಗಾದರೆ ಗಾಳಿ ತುಂಬಿದಾಗ ಅಲ್ಲಿ ಉಬ್ಬಿ ಬರುತ್ತದಲ್ಲ, ಹಾಗೆ. ಮೊದಲೇ ತೆಳುವಾದ ಅಥವಾ ದುರ್ಬಲವಾದ ಕಾರ್ನಿಯಾವನ್ನು ಇನ್ನೂ ತೆಳ್ಳಗೆ ಮಾಡಿದರೆ ತಿಂಗಳು, ವರ್ಷಗಳ ಮೇಲೆ ಅದು ಮುಂದಕ್ಕೆ ಉಬ್ಬುತ್ತದೆ. ಆಗ ಕನ್ನಡಕದಿಂದಲೂ ಸರಿಯಾಗಿ ಕಾಣುವುದಿಲ್ಲ. ವಿಶೇಷ ಗಟ್ಟಿ ಲೆನ್ಸ್, ಕಾರ್ನಿಯಾ ಗಟ್ಟಿ ಮಾಡುವ ಚಿಕಿತ್ಸೆ, ಕೆಲವೊಮ್ಮೆ ಬೇರೆಯವರ ಕಾರ್ನಿಯಾ ಹಾಕುವುದು, ಇಷ್ಟರ ತನಕ ಹೋಗುತ್ತದೆ.

ಬಿಡದ ನೋವು. ಬಹಳ ಕಡಿಮೆ ಜನರಿಗೆ, ನರಗಳು ಸರಿಯಾಗಿ ಬೆಳೆಯದೆ ಕಣ್ಣಿನ ನೋವು, ಉರಿ ದೀರ್ಘ ಕಾಲ ಉಳಿಯುತ್ತದೆ. ವೈದ್ಯರು ನೋಡಿದಾಗ ಕಣ್ಣು ಚೆನ್ನಾಗಿಯೇ ಕಾಣಬಹುದು. "ಸುಮ್ನೆ ನಾಟಕ ಮಾಡ್ತಾಳೆ" ಎಂದು ಮನೆಯವರು ಅನ್ನಬಾರದು. ಅದು ನಿಜವಾದ ನೋವು, ಅದಕ್ಕೂ ಚಿಕಿತ್ಸೆ ಕೊಡುವವರಿದ್ದಾರೆ.

"ನಮ್ಮಲ್ಲಿ ಹೊಸ ಮೆಷಿನ್ ಇದೆ, ಅಡ್ಡ ಪರಿಣಾಮವೇ ಇಲ್ಲ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪದರ ಕತ್ತರಿಸದೆ ಮಾಡುವ ಪಿಆರ್‌ಕೆ ಎಂಬ ವಿಧಾನ ಇದೆ. ಅದರಲ್ಲಿ ಪದರ ಜರುಗುವ ಭಯವಿಲ್ಲ, ಆದರೆ ಮೊದಲ ಕೆಲವು ದಿನ ನೋವು ಹೆಚ್ಚು, ದೃಷ್ಟಿ ತಿಳಿಯಾಗಲು ವಾರಗಳು ಬೇಕು. ಸ್ಮೈಲ್ ಎಂಬ ವಿಧಾನದಲ್ಲಿ ಸಣ್ಣ ಗಾಯ ಮಾಡಿ ಒಳಗಿನಿಂದ ತೆಳು ತುಂಡು ತೆಗೆಯುತ್ತಾರೆ. ಅಲ್ಲೂ ಕಣ್ಣು ಒಣಗಬಹುದು, ರಾತ್ರಿ ಬಳೆ ಕಾಣಬಹುದು. ಯಾವುದು ಯಾರಿಗೆ ಸರಿ ಎಂಬುದು ಕಣ್ಣು ನೋಡಿ ಹೇಳುವ ಮಾತು, ಜಾಹೀರಾತು ನೋಡಿ ಅಲ್ಲ.

ಯಾರಿಗೆ ಬೇಡ?

- 18 ವರ್ಷ ತುಂಬದವರಿಗೆ ಬೇಡ. 21ರ ತನಕ ಕಾಯುವುದು ಇನ್ನೂ ಒಳ್ಳೆಯದು.
- ಕಳೆದ ಒಂದು ವರ್ಷದಲ್ಲಿ ನಂಬರ್ ಬದಲಾದವರಿಗೆ.
- ಗರ್ಭಿಣಿಯರಿಗೆ, ಎದೆಹಾಲು ಕೊಡುವವರಿಗೆ. ಈ ಸಮಯದಲ್ಲಿ ನಂಬರ್ ಏರುಪೇರಾಗುತ್ತದೆ.
- ಕಾರ್ನಿಯಾ ತೆಳುವಾಗಿರುವವರಿಗೆ, ಅದರ ಆಕಾರ ಸರಿ ಇಲ್ಲದವರಿಗೆ. ಅಲರ್ಜಿಯಿಂದ ಸದಾ ಕಣ್ಣು ಉಜ್ಜುವ ಮಕ್ಕಳಲ್ಲಿ ಇದು ಇರಬಹುದು, ಚೆನ್ನಾಗಿ ಪರೀಕ್ಷಿಸಬೇಕು.
- ಮೊದಲೇ ಕಣ್ಣು ಬಹಳ ಒಣಗುವವರಿಗೆ.
- ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ.
- ರುಮಟಾಯ್ಡ್ ಸಂಧಿವಾತ, ಲೂಪಸ್ ಇಂಥ ಕಾಯಿಲೆ ಇರುವವರಿಗೆ. ಗಾಯ ಸರಿಯಾಗಿ ಮಾಯುವುದಿಲ್ಲ.
- ಮೊಡವೆಗೆ ಐಸೊಟ್ರೆಟಿನೊಯಿನ್ ಮಾತ್ರೆ ತೆಗೆದುಕೊಳ್ಳುವವರು ಮೊದಲು ವೈದ್ಯರಿಗೆ ಹೇಳಬೇಕು. ಆ ಮಾತ್ರೆ ಕಣ್ಣನ್ನು ಒಣಗಿಸುತ್ತದೆ.

ಇಲ್ಲಿ ಇನ್ನೊಂದು ಹುಡುಗಿಯ ಮಾತು ಹೇಳುತ್ತೇನೆ. ನಮ್ಮ ಮತ್ತೊಂದು ಸಂಘದ ಸದಸ್ಯೆಯ ತಂಗಿ. ಮೂರು ಗಂಟೆ ಪರೀಕ್ಷೆ ಮಾಡಿದ ವೈದ್ಯರು "ಇವರ ಕಾರ್ನಿಯಾ ತೆಳು, ಆಕಾರವೂ ಅನುಮಾನ. ನಾನು ಮಾಡುವುದಿಲ್ಲ" ಎಂದುಬಿಟ್ಟರು. ಮನೆಯವರಿಗೆ ಸಿಟ್ಟು ಬಂತು. "ಹಣ ಕೊಡ್ತೀವಿ ಅಂದ್ರೂ ಮಾಡಲ್ವಂತೆ. ಬೇರೆ ಕಡೆ ಹೋಗೋಣ" ಅಂದರು. ನಾನು ಹೇಳಿದೆ, "ಆ ಡಾಕ್ಟರಿಗೆ ಒಂದು ಥ್ಯಾಂಕ್ಸ್ ಹೇಳಿ ಬನ್ನಿ." ಬೇಡ ಎನ್ನುವ ವೈದ್ಯರು ಕಣ್ಣು ಉಳಿಸುತ್ತಾರೆ. ಒಬ್ಬರು ಬೇಡ ಎಂದದ್ದನ್ನು ಬಚ್ಚಿಟ್ಟು ಇನ್ನೊಬ್ಬರ ಹತ್ತಿರ ಹೋಗಬೇಡಿ.

ಲೇಸರಿನಿಂದ ಬದಲಾಗದ ಸಂಗತಿಗಳು

40 ದಾಟಿದ ಮೇಲೆ ಬರುವ ಚಾಳೀಸು ತಪ್ಪುವುದಿಲ್ಲ. ಅಕ್ಕಿ ಆರಿಸಲು, ಸೂಜಿಗೆ ದಾರ ಪೋಣಿಸಲು ಆಗ ಕನ್ನಡಕ ಬೇಕೇ ಬೇಕು. ಆದ್ದರಿಂದ ನಮ್ಮ ವಯಸ್ಸಿನ ಅಕ್ಕಂದಿರು "ನನಗೂ ಒಂದು ಲೇಸರ್ ಮಾಡಿಸಿದರೆ ಕನ್ನಡಕ ಬಿಡಬಹುದು" ಎಂದುಕೊಳ್ಳುವ ಮುಂಚೆ ಯೋಚಿಸಿ.

ದೊಡ್ಡ ಮೈನಸ್ ನಂಬರ್ ಇರುವವರ ಕಣ್ಣು ಉದ್ದವಾಗಿರುತ್ತದೆ, ಒಳಗಿನ ರೆಟಿನಾ ಎಳೆದ ಹಾಗಿರುತ್ತದೆ. ಲೇಸರ್ ಮುಂದಿನ ಗಾಜನ್ನು ತಿದ್ದುತ್ತದೆ, ಹಿಂದಿನ ರೆಟಿನಾವನ್ನಲ್ಲ. ಕನ್ನಡಕ ಹೋದರೂ ರೆಟಿನಾ ಹರಿಯುವ ಅಪಾಯ ಹಾಗೇ ಇರುತ್ತದೆ. ಏಕಾಏಕಿ ಮಿಂಚು ಹೊಡೆದ ಹಾಗೆ, ಕಪ್ಪು ಚುಕ್ಕೆ ಉದುರಿದ ಹಾಗೆ, ಪರದೆ ಇಳಿದ ಹಾಗೆ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಇನ್ನು, ಹುಟ್ಟುವ ಮಕ್ಕಳಿಗೆ ಕನ್ನಡಕ ಬರುವುದನ್ನೂ ಇದು ತಡೆಯುವುದಿಲ್ಲ. ಗಂಡಿನ ಮನೆಯವರಿಂದ ಮುಚ್ಚಿಡಲು ಮಾಡಿಸುವವರು ಇದನ್ನು ತಿಳಿದಿರಬೇಕು.

ಮದುವೆಗೂ ಲೇಸರಿಗೂ ಗಂಟು ಹಾಕಬೇಡಿ

ನಿಶ್ಚಿತಾರ್ಥ ಆದ ಮೇಲೆ, ಮದುವೆಗೆ ಒಂದು ತಿಂಗಳು ಇರುವಾಗ ಓಡಿ ಬರುವವರಿದ್ದಾರೆ. ಆಮೇಲೆ ಅರಿಶಿನ ಶಾಸ್ತ್ರ, ಕಾಡಿಗೆ, ಹೊಗೆ, ನಿದ್ದೆಗೆಡುವುದು, ಫೋಟೋದವರ ಬೆಳಕು, ಎಲ್ಲ ಆ ಹಸಿ ಕಣ್ಣಿಗೇ. ದೃಷ್ಟಿ ನೆಲೆ ನಿಲ್ಲಲು ಮೂರರಿಂದ ಆರು ತಿಂಗಳು ಬೇಕು. ಮೊದಲ ತಪಾಸಣೆಗೆ ಒಂದೆರಡು ದಿನದೊಳಗೆ, ಆಮೇಲೆ ಕಡಿಮೆ ಎಂದರೂ ಆರು ತಿಂಗಳು ಆಗಾಗ ಹೋಗುತ್ತಿರಬೇಕು. ಹೊಸ ಮನೆಗೆ ಹೋದ ಸೊಸೆ "ನನಗೆ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು" ಎಂದು ಕೇಳಲು ಹೆದರುತ್ತಾಳೆ. ಹನಿ ಔಷಧಿ ಬಿಟ್ಟುಬಿಡುತ್ತಾಳೆ.

ಮುಖ್ಯವಾದದ್ದು ಇನ್ನೊಂದು. ಲೇಸರ್ ಯಾರಿಗೆ ಬೇಕು? ಹುಡುಗಿಗೋ, ನೋಡಲು ಬಂದವರಿಗೋ? ಅವಳನ್ನು ಒಬ್ಬಳನ್ನೇ ಕೂರಿಸಿ ಕೇಳಿ. ಕಣ್ಣು ಅವಳದ್ದು. ಬರುವ ಉರಿಯೂ ಅವಳದ್ದೇ. ಕನ್ನಡಕ ಹಾಕುವುದು ಅಂಗವೈಕಲ್ಯವಲ್ಲ, ನಾಚಿಕೆಯ ಸಂಗತಿಯೂ ಅಲ್ಲ. ಓದಿದ, ದುಡಿಯುವ ಮಗಳನ್ನು ಒಂದು ಕನ್ನಡಕಕ್ಕಾಗಿ ಬೇಡ ಎನ್ನುವ ಮನೆ ನಾಳೆ ಇನ್ನೇನಕ್ಕೆ ಬೇಡ ಎನ್ನುತ್ತದೋ, ಅದನ್ನೂ ಯೋಚಿಸಿ.

ಸಾಲ ಕೊಡುವ ಮುಂಚೆ, ಸಹಿ ಹಾಕುವ ಮುಂಚೆ

ಸಂಘದಲ್ಲಿ ಇಂಥ ಸಾಲದ ಅರ್ಜಿ ಬಂದರೆ "ಶೋಕಿಗೆ ಸಾಲ ಇಲ್ಲ" ಎಂದು ಮುಖ ಮುರಿಯಬೇಡಿ. ಹಾಗೆಯೇ ಕೇಳಿದ ಕೂಡಲೇ ಠರಾವು ಬರೆದು ಕೊಡಲೂ ಬೇಡಿ. ಮೊದಲು ಪರೀಕ್ಷೆ ಮಾಡಿಸಿ ಬನ್ನಿ, ಕಣ್ಣು ಇದಕ್ಕೆ ಸರಿ ಎಂದು ವೈದ್ಯರು ಹೇಳಲಿ, ಆಮೇಲೆ ಸಾಲ ಎಂದು ನಿಯಮ ಮಾಡಿಕೊಳ್ಳಿ. ಸಾಧ್ಯವಾದರೆ ಬೇರೊಂದು ಕಡೆ, ಲೇಸರ್ ಮಾರುವ ಜಾಗವಲ್ಲದ ಜಿಲ್ಲಾ ಆಸ್ಪತ್ರೆಯ ಅಥವಾ ವೈದ್ಯಕೀಯ ಕಾಲೇಜಿನ ಕಣ್ಣಿನ ವಿಭಾಗದಲ್ಲಿ, ಎರಡನೇ ಅಭಿಪ್ರಾಯ ಪಡೆಯಿರಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಪರೀಕ್ಷೆಗೆ ಮುಂಚೆ ಮೃದು ಲೆನ್ಸ್ ಆದರೆ ಎರಡು ವಾರ, ಗಟ್ಟಿ ಲೆನ್ಸ್ ಆದರೆ ಇನ್ನೂ ಹೆಚ್ಚು ದಿನ ಬಿಟ್ಟಿರಬೇಕು. ಇಲ್ಲದಿದ್ದರೆ ಅಳತೆಯೇ ತಪ್ಪಾಗುತ್ತದೆ.

ಆರೋಗ್ಯ ವಿಮೆ ಇದೆ ಎಂದು ಭರವಸೆ ಇಡಬೇಡಿ. 7.5ಕ್ಕಿಂತ ಕಡಿಮೆ ನಂಬರ್ ಇದ್ದರೆ ಅದನ್ನು ತೆಗೆಸುವ ಖರ್ಚನ್ನು ವಿಮೆಯಿಂದ ಹೊರಗಿಡಲು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಲ್ಲೇ ಅವಕಾಶವಿದೆ. ನೌಕರಿಗಾಗಿ ಮಾಡಿಸುವವರು ಆ ನೌಕರಿಯ ಅಧಿಸೂಚನೆಯನ್ನು ಮೊದಲು ಓದಿ. ಪೊಲೀಸ್, ಸೈನ್ಯ, ರೈಲ್ವೆ ಒಂದೊಂದಕ್ಕೂ ನಿಯಮ ಬೇರೆ. ರೈಲು ಓಡಿಸುವ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಲಾಸಿಕ್ ಮಾಡಿಸಿಕೊಂಡವರನ್ನು ತೆಗೆದುಕೊಳ್ಳುವುದಿಲ್ಲ. ಕೆಲಸ ಸಿಗಲೆಂದು ಮಾಡಿಸಿದ್ದೇ ಕೆಲಸ ತಪ್ಪಿಸಬಾರದು.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ:

- ನನ್ನ ಕಾರ್ನಿಯಾದ ದಪ್ಪ ಎಷ್ಟು? ಲೇಸರ್ ಆದ ಮೇಲೆ ಎಷ್ಟು ಉಳಿಯುತ್ತದೆ?
- ಅದರ ಆಕಾರದ ನಕ್ಷೆ ತೆಗೆದಿದ್ದೀರಾ? ಸರಿ ಇದೆಯಾ?
- ನನಗೆ ಕಣ್ಣು ಒಣಗುವ ಗುಣ ಈಗಲೇ ಇದೆಯಾ?
- ಕತ್ತಲಲ್ಲಿ ನನ್ನ ಪಾಪೆ ಎಷ್ಟು ದೊಡ್ಡದಾಗುತ್ತದೆ?
- ನನ್ನ ಕೆಲಸ ಇಂಥದ್ದು. ಅದಕ್ಕೆ ತೊಂದರೆ ಆಗುತ್ತದಾ?
- ಹೇಳಿದ ಹಣದಲ್ಲಿ ಪರೀಕ್ಷೆ, ಹನಿ ಔಷಧಿ, ಮುಂದಿನ ತಪಾಸಣೆ, ಬೇಕಾದರೆ ಎರಡನೇ ಲೇಸರ್ ಎಲ್ಲ ಸೇರಿದೆಯಾ?
- ತೊಂದರೆ ಬಂದರೆ ರಾತ್ರಿ ಯಾರಿಗೆ ಫೋನ್ ಮಾಡಬೇಕು?

ಒಪ್ಪಿಗೆ ಪತ್ರವನ್ನು ಒಂದು ವಾರ ಮುಂಚೆಯೇ ಕೇಳಿ ಮನೆಗೆ ತನ್ನಿ. ಓದು ಬಲ್ಲವರಿಂದ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಅರ್ಥವಾಗದ ಕಾಗದಕ್ಕೆ ಸಹಿ ಹಾಕುವುದಿಲ್ಲ ಎಂದು ನಾವು ಬ್ಯಾಂಕಿನಲ್ಲಿ ಕಲಿತಿದ್ದೇವೆ. ಆಸ್ಪತ್ರೆಯಲ್ಲೂ ಅದೇ ಪಾಠ.

ಮಾಡಿಸಿದ ಮೇಲೆ

ಕಣ್ಣು ಉಜ್ಜಬೇಡಿ. ರಾತ್ರಿ ಕೊಟ್ಟ ಕವಚ ಕಟ್ಟಿಕೊಂಡೇ ಮಲಗಿ. ಸೌದೆ ಒಲೆಯ ಹೊಗೆ, ಕಾರದ ಪುಡಿ, ಒಕ್ಕಣೆಯ ಧೂಳು, ಕೆರೆ ನದಿಯ ಈಜು, ಎರಡು ವಾರ ಕಾಡಿಗೆ, ಇವುಗಳಿಂದ ದೂರ ಇರಿ. ಈಜು ಇನ್ನೂ ಹೆಚ್ಚು ದಿನ ಬೇಡ. ತಲೆಗೆ ಸ್ನಾನ ಯಾವಾಗ ಎಂದು ವೈದ್ಯರನ್ನು ಕೇಳಿ.

ಕಣ್ಣು ಉರಿಯುತ್ತದೆ ಎಂದು ಹರಳೆಣ್ಣೆ, ಎದೆಹಾಲು, ಜೇನುತುಪ್ಪ, ಗುಲಾಬಿ ನೀರು ಹಾಕಬೇಡಿ. ಸೋಂಕಿಗೆ ಬಾಗಿಲು ತೆರೆದ ಹಾಗೆ. ಮೊದಲು ಕೊಟ್ಟ ಸ್ಟಿರಾಯ್ಡ್ ಹನಿಯನ್ನು ಮೆಡಿಕಲ್ ಶಾಪಿನಿಂದ ಮತ್ತೆ ಮತ್ತೆ ತಂದು ಹಾಕಬೇಡಿ. ಹೆಚ್ಚು ದಿನ ಹಾಕಿದರೆ ಕಣ್ಣಿನ ಒತ್ತಡ ಏರುತ್ತದೆ. ಒಣಗುವುದಕ್ಕೆ ಕೊಡುವ ಕಣ್ಣೀರಿನ ಹನಿ ಬೇರೆ, ಅದನ್ನು ಹೇಳಿದಷ್ಟು ಕಾಲ ಹಾಕಿ.

ನೋವು ಹೆಚ್ಚುತ್ತಿದ್ದರೆ, ಕೆಂಪು ಏರುತ್ತಿದ್ದರೆ, ಕೀವು ಬಂದರೆ, ಚೆನ್ನಾಗಿ ಕಾಣುತ್ತಿದ್ದದ್ದು ಮತ್ತೆ ಮಂಜಾದರೆ, ಕಣ್ಣಿಗೆ ಪೆಟ್ಟು ಬಿದ್ದರೆ ನಾಳೆ ಎನ್ನದೆ ಅದೇ ದಿನ ಹೋಗಿ.

ಕೊನೆಗೆ, ಲೇಸರಿಗೆ ಮುಂಚಿನ ನಂಬರ್, ಕಾರ್ನಿಯಾದ ಅಳತೆ ಇರುವ ಕಾಗದಗಳನ್ನು ರೇಷನ್ ಕಾರ್ಡಿನ ಹಾಗೆ ಜೋಪಾನ ಮಾಡಿ. ಮುಂದೆ ವಯಸ್ಸಾಗಿ ಪೊರೆ ಬಂದಾಗ ಯಾವ ಪವರಿನ ಲೆನ್ಸ್ ಹಾಕಬೇಕು ಎಂದು ಲೆಕ್ಕ ಹಾಕಲು ಅವು ಬೇಕಾಗುತ್ತವೆ. ಲೇಸರ್ ಆದ ಕಣ್ಣಿನ ಒತ್ತಡ ಅಳೆದಾಗ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಗ್ಲುಕೋಮಾ ಕಣ್ಣು ತಪ್ಪಿ ಹೋಗಬಹುದು. ಆದ್ದರಿಂದ ಜೀವನಪೂರ್ತಿ, ಯಾವ ಕಣ್ಣಿನ ವೈದ್ಯರ ಬಳಿ ಹೋದರೂ "ನನಗೆ ಲೇಸರ್ ಆಗಿದೆ" ಎಂದು ಮೊದಲು ಹೇಳಬೇಕು. ಮದುವೆಯಾಗಿ ಹೋಗುವ ಮಗಳ ಪೆಟ್ಟಿಗೆಯಲ್ಲಿ ಆ ಫೈಲೂ ಇರಲಿ.

ಆ ಹುಡುಗಿ ಈಗ

ಮೊದಲು ಹೇಳಿದ ಹುಡುಗಿಗೆ ಸುಮಾರು ಎಂಟು ತಿಂಗಳಲ್ಲಿ ಉರಿ ಬಹುಪಾಲು ಹೋಯಿತು. ಬೇಸಿಗೆಯಲ್ಲಿ ಈಗಲೂ ಹನಿ ಹಾಕಿಕೊಳ್ಳುತ್ತಾಳೆ. ರಾತ್ರಿ ದೀಪದ ಸುತ್ತ ಬಳೆ ಸ್ವಲ್ಪ ಇದೆ, ಅಭ್ಯಾಸವಾಗಿದೆ ಎನ್ನುತ್ತಾಳೆ. ಆ ಸಂಬಂಧ ಬೇರೆ ಕಾರಣಕ್ಕೆ ಕೂಡಿ ಬರಲಿಲ್ಲ. ತಾಯಿ ಸಾಲದ ಕೊನೆ ಕಂತು ಕಟ್ಟಿದ್ದಾರೆ.

ಹೋದ ತಿಂಗಳು ಸಿಕ್ಕಾಗ ಕೇಳಿದೆ, "ಎಲ್ಲ ಮೊದಲೇ ಗೊತ್ತಿದ್ದಿದ್ದರೆ ಮಾಡಿಸ್ಕೊಳ್ತಿದ್ಯಾ ಮಗಳೇ?" ಸ್ವಲ್ಪ ಯೋಚಿಸಿ ಹೇಳಿದಳು: "ಮಾಡಿಸ್ಕೊಳ್ತಿದ್ದೆ ಸಿಸ್ಟರ್. ಮಳೆಯಲ್ಲಿ ಕನ್ನಡಕ ಒರೆಸೋ ಕಷ್ಟ ನಿಮಗೆ ಗೊತ್ತಲ್ಲ. ಆದ್ರೆ ಆ ಒಂದು ತಿಂಗಳು ಒಬ್ಬಳೇ ಅಳ್ತಿರಲಿಲ್ಲ."

ಇನ್ನೊಬ್ಬ ಮಗಳು ಹಾಗೆ ಒಬ್ಬಳೇ ಅಳದಿರಲಿ. ಅದಕ್ಕಾಗಿ ಇದನ್ನು ನಿಮ್ಮ ಸಭೆಯಲ್ಲಿ ಗಟ್ಟಿಯಾಗಿ ಓದಿ.

ಸಭೆಯಲ್ಲಿ ಚರ್ಚಿಸಲು

1. ನಮ್ಮ ಸಂಘದ ಮನೆಗಳಲ್ಲಿ ಕನ್ನಡಕದ ಕಾರಣಕ್ಕೆ ಹೆಣ್ಣುಮಕ್ಕಳು ಮಾತು ಕೇಳಿದ್ದಾರೆಯೇ? ನಾವು ಏನು ಹೇಳಿದೆವು?
2. ತುರ್ತಲ್ಲದ ಆಪರೇಷನ್ನಿಗೆ ಸಾಲ ಕೊಡಲು ನಮ್ಮ ಸಂಘದ ನಿಯಮ ಏನಿರಬೇಕು?
3. ನಮ್ಮಲ್ಲಿ ಸಕ್ಕರೆ ಕಾಯಿಲೆ ಇರುವ ಯಾರು ಯಾರು ಈ ವರ್ಷ ಕಣ್ಣು ಪರೀಕ್ಷೆ ಮಾಡಿಸಿಲ್ಲ? ಹೆಸರು ಬರೆದು, ಯಾರ ಜೊತೆ ಯಾರು ಹೋಗಬೇಕು ಎಂದು ಅದೇ ದಿನ ತೀರ್ಮಾನಿಸಿ.